ಅಪ್ಪನ ಝೆನ್, ಮನೆಗೆ ಬಂದ ಆಲ್ಟಿಸ್: ಮೂರು ತಿಂಗಳ ಓಡಾಟ

2025ರ ನವೆಂಬರ್ 28, ಶುಕ್ರವಾರ, ಸ್ಪೀಡ್ ಪೋಸ್ಟ್‌ನಲ್ಲಿ ಎರಡನೇ ಆರ್‌ಸಿ (ಗಾಡಿ ನೋಂದಣಿ) ಕಾರ್ಡ್ ಬಂತು. ಆಗಸ್ಟ್‌ನಲ್ಲಿ ಶುರುವಾದ ಓಡಾಟ ಅಲ್ಲಿಗೆ ಮುಗಿಯಿತು. ನೆನಪು ಹಸಿಯಾಗಿರುವಾಗಲೇ ಎಲ್ಲಾ ಬರೆದಿಡುತ್ತಿದ್ದೇನೆ. ಮನೆಯಲ್ಲಿ ಹಳೇ ಸಣ್ಣ ಕಾರು ಇಟ್ಟುಕೊಂಡು, ಇದನ್ನೇ ರಿಪೇರಿ ಮಾಡಿಸೋಣವಾ, ಇಲ್ಲ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ದೊಡ್ಡ ಸೆಡಾನ್ ತಗೊಳ್ಳೋಣವಾ ಅಂತ ಯೋಚಿಸುತ್ತಿರುವವರು ಬಹಳ ಜನ ಇದ್ದಾರೆ. ನಾನು ಎಡವಿದ ಕಡೆ ಅವರು ಎಡವದಿರಲಿ.

ನಮ್ಮದು ಮೈಸೂರು. ಅಪ್ಪ 2005ರ ಅಕ್ಟೋಬರ್‌ನಲ್ಲಿ ಮಾರುತಿ ಝೆನ್ ತಂದರು. 993 ಸಿಸಿ ಎಂಜಿನ್, 60 ಬಿಎಚ್‌ಪಿ, ಬೆಳ್ಳಿ ಬಣ್ಣ. 2022ರಲ್ಲಿ ಅಪ್ಪ ಹೋದರು. ಕಾರು ನಮ್ಮ ಜೊತೆ ಉಳಿಯಿತು. ಅಮ್ಮನನ್ನು ಆಸ್ಪತ್ರೆಗೆ, ಮಗಳನ್ನು ಟ್ಯೂಷನ್‌ಗೆ, ತಿಂಗಳಿಗೊಮ್ಮೆ ನಂಜನಗೂಡಿನ ಅಕ್ಕನ ಮನೆಗೆ ಕರೆದುಕೊಂಡು ಹೋಗೋದು ಎಲ್ಲಾ ಅದರಲ್ಲೇ. ಜುಲೈನಲ್ಲಿ ಎಸಿ ಕಂಪ್ರೆಸರ್ ಕೈಕೊಟ್ಟಿತು. ಮುಂದಿನ ಸಸ್ಪೆನ್ಷನ್ ಕಟಕಟ ಅನ್ನುತ್ತಿತ್ತು. ಅದೇ ಹೊತ್ತಿಗೆ ಆರ್‌ಸಿ ತೆಗೆದು ನೋಡಿದರೆ, ಅಕ್ಟೋಬರ್ 14ಕ್ಕೆ ಅವಧಿ ಮುಗಿಯುತ್ತದೆ.

ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬೇಕು. ಅಪ್ಪ 2020ರಲ್ಲಿ ಒಂದು ಸಲ ಮಾಡಿಸಿದ್ದರು. ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಅವರ ಕೆಂಪು ರಟ್ಟಿನ ಪುಟ್ಟ ಪುಸ್ತಕ ಈಗಲೂ ಇದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲಾ ತಾರೀಖು, ಮೀಟರ್ ರೀಡಿಂಗ್, ಲೀಟರ್, ದುಡ್ಡು ಬರೆದಿದ್ದಾರೆ. 2020ರ ಪುಟದಲ್ಲಿ ‘ಆರ್‌ಸಿ ರಿನ್ಯೂವಲ್ 600’ ಅಂತಿದೆ. ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಅಧಿಸೂಚನೆಯಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000. ನಮ್ಮ ಝೆನ್‌ಗೆ ಅಕ್ಟೋಬರ್‌ಗೆ ಸರಿಯಾಗಿ 20 ತುಂಬುತ್ತಿತ್ತು.

ಮೆಕ್ಯಾನಿಕ್ ಲೆಕ್ಕ ಹಾಕಿ, ಎಸಿ, ಸಸ್ಪೆನ್ಷನ್, ಪೆಟ್ರೋಲ್ ಪೈಪು ಎಲ್ಲಾ ಸೇರಿ ಮೂವತ್ತು ಸಾವಿರದ ಹತ್ತಿರ ಆಗುತ್ತೆ ಸಾರ್ ಅಂದರು. ನವೀಕರಣ ಬೇರೆ. ಕಾರು ಮಾರಿದರೆ ನಲವತ್ತೈದು ಸಾವಿರ. ಗುಜರಿಗೆ ಹಾಕಿದರೆ ಅದರ ಅರ್ಧ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಒಂದು ಮಾತು ಹೇಳಿದಳು. "ದುಡ್ಡಿನ ಮಾತು ಬಿಡಿ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಎಕ್ಸ್‌ಪ್ರೆಸ್‌ವೇನಲ್ಲಿ ಅತ್ತೆಯನ್ನ, ಮಗೂನ ಕೂರಿಸಿಕೊಂಡು ಬೆಂಗಳೂರಿಗೆ ಹೋಗ್ತೀವಲ್ಲ, ನನಗೆ ಪ್ರತಿ ಸಲ ಭಯ ಆಗತ್ತೆ." ನಾನು ಸುಮ್ಮನಾದೆ. ನನಗೂ ಆ ಭಯ ಇತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ಹೊಸ ಕಾರಿಗೆ ಹದಿನೈದು ಇಪ್ಪತ್ತು ಲಕ್ಷ ಸುರಿಯೋ ಸ್ಥಿತಿ ನಮ್ಮದಲ್ಲ. ಹತ್ತರೊಳಗೆ ಏಳೆಂಟು ವರ್ಷದ ಒಂದು ಒಳ್ಳೆ ಸೆಡಾನ್ ನೋಡೋಣ ಅಂತ ತೀರ್ಮಾನಿಸಿದೆವು. ನನ್ನ ಮನಸ್ಸು ಟೊಯೊಟಾ ಕೊರೊಲ್ಲಾ ಆಲ್ಟಿಸ್ ಮೇಲಿತ್ತು. 1.8 ಲೀಟರ್ ಪೆಟ್ರೋಲ್, ಸುಮಾರು 140 ಪಿಎಸ್, ಆಟೊಮ್ಯಾಟಿಕ್ ಸಿವಿಟಿ ಗೇರ್‌ಬಾಕ್ಸ್. 2020ರಲ್ಲಿ ನಮ್ಮ ದೇಶದಲ್ಲಿ ಇದರ ಮಾರಾಟ ನಿಂತಿದೆ. ಹಾಗಾಗಿ ಈಗ ಸಿಗೋದೆಲ್ಲ ಸೆಕೆಂಡ್ ಹ್ಯಾಂಡೇ. ಬಿಡದಿಯಲ್ಲೇ ತಯಾರಾಗುತ್ತಿದ್ದ ಕಾರು ಅನ್ನೋದೂ ನನಗೊಂದು ಖುಷಿ.

ಇಲ್ಲಿ ನಾನು ಮಾಡಿದ ಒಂದು ಒಳ್ಳೆ ಕೆಲಸ ಹೇಳಿಬಿಡುತ್ತೇನೆ. ಡೀಲರ್ ಹತ್ತಿರ ಕೊಡೋ ಹತ್ತು ನಿಮಿಷದ ಟೆಸ್ಟ್ ಡ್ರೈವ್ ನಂಬಲಿಲ್ಲ. ನನ್ನ ಹೆಂಡತಿಯ ತಮ್ಮನ ಹತ್ತಿರ ಅದೇ ಮಾಡೆಲ್ ಇದೆ. "ಭಾವ, ಎರಡು ದಿನ ಇಟ್ಕೊಳ್ಳಿ, ನಿಮಗೆ ಗೊತ್ತಾಗತ್ತೆ" ಅಂತ ಆಗಸ್ಟ್ 23ರ ಶನಿವಾರ ಕೀಲಿ ಕೊಟ್ಟ. ಎರಡೂ ಕಾರನ್ನು ಒಂದೇ ದಾರಿಯಲ್ಲಿ, ಅದೇ ಜನರನ್ನು ಕೂರಿಸಿಕೊಂಡು ಓಡಿಸಿ ನೋಡಿದೆ.

ಮೊದಲು ಚಾಮುಂಡಿ ಬೆಟ್ಟ. ಝೆನ್‌ನಲ್ಲಿ ನಾಲ್ಕು ಜನ ಕೂತರೆ ತಿರುವಿನಲ್ಲಿ ಎರಡನೇ ಗೇರ್, ಎಸಿ ಸರಿ ಇದ್ದಾಗಲೂ ಆಫ್. ಎಂಜಿನ್ ಕೂಗುತ್ತೆ, ಆದರೆ ಹತ್ತುತ್ತೆ. ಕೈಯಲ್ಲಿ ಹಿಡಿದ ಸ್ಟೀರಿಂಗ್‌ಗೆ ರಸ್ತೆಯ ಒಂದೊಂದು ಕಲ್ಲೂ ತಿಳಿಯುತ್ತೆ. ಆಲ್ಟಿಸ್‌ನಲ್ಲಿ ಎಸಿ ಹಾಕಿಕೊಂಡೇ, ಮಾತಾಡಿಕೊಂಡೇ ನಂದಿ ಹತ್ತಿರ ಬಂದಿದ್ದೆವು. ಕಾಲು ಒತ್ತಿದಾಗ ಸಿವಿಟಿ ಒಂದು ಕ್ಷಣ ತಡೆದು ಆಮೇಲೆ ಎಳೆಯುತ್ತೆ. ಕೈಯಲ್ಲಿ ಗೇರ್ ಹಾಕಿ ಅಭ್ಯಾಸ ಇರುವವರಿಗೆ ಮೊದಲೆರಡು ದಿನ ಇದು ಸರಿ ಬರೋದಿಲ್ಲ.

ಆಮೇಲೆ ದೇವರಾಜ ಮಾರ್ಕೆಟ್. ಅಲ್ಲಿ ಝೆನ್ ಗೆದ್ದಿತು. ಅದರ ಉದ್ದ ಮೂರೂವರೆ ಮೀಟರ್. ಎರಡು ಸ್ಕೂಟರ್ ಸರಿಸಿದ ಜಾಗಕ್ಕೆ ತೂರಿಸಬಹುದು. ಆಲ್ಟಿಸ್ 4.62 ಮೀಟರ್, ಅಗಲವೂ ಹತ್ತಿರ ಹತ್ತಿರ ಒಂದಡಿ ಜಾಸ್ತಿ. ಧನ್ವಂತರಿ ರಸ್ತೆಯಲ್ಲಿ ಮೂರು ಸುತ್ತು ಹೊಡೆದು, ಕೊನೆಗೆ ದೂರ ನಿಲ್ಲಿಸಿ ಚೀಲ ಹೊತ್ತು ನಡೆದೆವು. ಊರೊಳಗಿನ ಕೆಲಸಕ್ಕೆ ಇವತ್ತಿಗೂ ನನಗೆ ಝೆನ್ನೇ ಒಳ್ಳೆ ಕಾರು. ಈ ಮಾತನ್ನು ಆಲ್ಟಿಸ್ ಕೊಂಡ ಮೇಲೂ ಹೇಳುತ್ತೇನೆ.

ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇನಲ್ಲಿ ಚನ್ನಪಟ್ಟಣದವರೆಗೆ ಹೋಗಿ ಬಂದೆವು. ಅಮ್ಮನಿಗೆ ಎರಡೂ ಮಂಡಿ ನೋವು. ಝೆನ್ ಸೀಟು ತಗ್ಗು. ಕೂತುಕೊಳ್ಳೋದಲ್ಲ, ಬೀಳೋದು ಅಂತಾರೆ ಅವರು. ಆಲ್ಟಿಸ್ ಸೀಟು ಕೂಡ ಏನೂ ಎತ್ತರ ಇಲ್ಲ, ಇದನ್ನು ಮೊದಲೇ ತಿಳಿದಿರಿ. ಆದರೆ ಹಿಂದಿನ ಬಾಗಿಲು ಅಗಲವಾಗಿ ತೆರೆಯುತ್ತೆ. ಮೊದಲು ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೊಳ್ಳೋಕೆ ಜಾಗ ಇದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿತ್ತು. ಒಳಗೆ ಸದ್ದೇ ಇಲ್ಲ. ಮಂಡ್ಯ ದಾಟೋ ಹೊತ್ತಿಗೆ ಅಮ್ಮ ನಿದ್ದೆ ಹೋಗಿದ್ದರು. ಝೆನ್‌ನಲ್ಲಿ ಅವರು ಒಂದು ದಿನವೂ ನಿದ್ದೆ ಮಾಡಿದ್ದಿಲ್ಲ. ಮೇಲಿನ ಹಿಡಿಕೆ ಹಿಡಿದುಕೊಂಡೇ ಕೂರುತ್ತಿದ್ದರು. ಮನೆಗೆ ಬಂದು ಇಳಿದಾಗ, "ನಿಮ್ಮಪ್ಪನ ಕಾರಲ್ಲಿ ಕೂತ ಹಾಗಾಗಲ್ಲ ಕಣೋ. ಆದರೆ ಸೊಂಟ ನೋಯಲಿಲ್ಲ" ಅಂದರು.

ನನ್ನ ತೀರ್ಮಾನ ಅಲ್ಲೇ ಆಯಿತು. ಒಂದು ವೇಳೆ ನಮಗೆ ಹೈವೇ ಓಡಾಟ ಇಲ್ಲದಿದ್ದರೆ, ವಯಸ್ಸಾದವರು ಮನೆಯಲ್ಲಿ ಇಲ್ಲದಿದ್ದರೆ, ಖಂಡಿತ ಝೆನ್ ರಿಪೇರಿ ಮಾಡಿಸಿ ಸುಮ್ಮನಿರುತ್ತಿದ್ದೆ. ಹತ್ತು ಲಕ್ಷ ಹಾಕುವ ಅಗತ್ಯ ಇರಲಿಲ್ಲ. ನಿಮ್ಮ ಓಡಾಟ ಎಲ್ಲಿ, ಜೊತೆಗೆ ಯಾರು ಕೂರುತ್ತಾರೆ ಅನ್ನೋದನ್ನು ಮೊದಲು ನೋಡಿ.

ಸೆಪ್ಟೆಂಬರ್ 6ಕ್ಕೆ ಬೆಂಗಳೂರಿನಲ್ಲಿ ಒಬ್ಬ ಡೀಲರ್ ಹತ್ತಿರ 2018ರ ಬಿಳಿ ಆಲ್ಟಿಸ್ ನೋಡಿದೆವು. ಒಂದೇ ಕೈ, 58,000 ಕಿಲೋಮೀಟರ್, ಏಳು ಏರ್‌ಬ್ಯಾಗ್. ನಮ್ಮ ಮೆಕ್ಯಾನಿಕ್‌ನ್ನು ಬಸ್ ಚಾರ್ಜು, ಊಟ, ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿದ್ದೆ. ಅದು ನನ್ನ ಇಡೀ ಖರ್ಚಿನಲ್ಲಿ ಅತಿ ಸಾರ್ಥಕವಾದ ಎರಡೂವರೆ ಸಾವಿರ. ಅವರು ಬಾನೆಟ್ ಬೋಲ್ಟ್‌ಗಳ ಮೇಲಿನ ಬಣ್ಣ ನೋಡಿದರು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು, ನೀರಿನ ಕಲೆ ಇದೆಯಾ ಅಂತ ಬೆರಳಾಡಿಸಿದರು. ಸೀಟ್ ಬೆಲ್ಟ್‌ಗಳನ್ನು ಪೂರ್ತಿ ಎಳೆದು ಕೊನೆಯ ಭಾಗ ಮೂಸಿ ನೋಡಿದರು. ನೀರಲ್ಲಿ ಮುಳುಗಿದ ಗಾಡಿಯಾದರೆ ಅಲ್ಲಿ ಮಣ್ಣಿನ ವಾಸನೆ ಉಳಿದಿರುತ್ತಂತೆ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ. ಮೊದಲೆರಡು ಅಂಕಿ ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರಿನಲ್ಲಿ ಕೊನೆಗೆ 18 ಅಂತಲೇ ಇತ್ತು. ಟೈರಿನ ಹೂವು, ಅಂದರೆ ಮೇಲಿನ ಗೀರುಗಳು, ಚೆನ್ನಾಗಿದ್ದರೂ ರಬ್ಬರ್ ಏಳು ವರ್ಷದ್ದು. ಬದಲಾಯಿಸಲೇಬೇಕು.

ಡೀಲರ್ 10 ಲಕ್ಷದ 10 ಸಾವಿರ ಹೇಳಿದರು. ಮೂರು ದಿನ ಮುಂಚೆಯಷ್ಟೇ ಜಿಎಸ್‌ಟಿ ಕೌನ್ಸಿಲ್ ಹೊಸ ಕಾರುಗಳ ತೆರಿಗೆ ಇಳಿಸುವುದಾಗಿ ಹೇಳಿತ್ತು. ಸೆಪ್ಟೆಂಬರ್ 22ರಿಂದ ಜಾರಿ. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಬೇಕಲ್ವಾ ಅಂತ ಹಿಡಿದು ಕೂತೆ. ಟೈರಿನ ವಿಷಯವನ್ನೂ ಮುಂದಿಟ್ಟೆ. 9 ಲಕ್ಷದ 35 ಸಾವಿರಕ್ಕೆ ಒಪ್ಪಿದರು. 25,000 ಮುಂಗಡ ಕೊಟ್ಟೆ.

"ಪೇಪರ್ ಎಲ್ಲಾ ಕ್ಲಿಯರ್ ಸಾರ್" ಅಂದರು ಡೀಲರ್. ನಾನು ಆ ಮಾತು ನಂಬಿದೆ. ಮುಂಗಡ ಕೊಡೋಕೆ ಮುಂಚೆ ಗಾಡಿ ನಂಬರ್ ಹಾಕಿ ಸರ್ಕಾರದ ವಾಹನ್ ವೆಬ್‌ಸೈಟಿನಲ್ಲಿ ನೋಡಿದ್ದರೆ ಐದು ನಿಮಿಷದ ಕೆಲಸ. ನೋಡಲಿಲ್ಲ. ಮನೆಗೆ ಬಂದು ರಾತ್ರಿ ನೋಡಿದಾಗ ಎದೆ ಧಸಕ್ ಅಂದಿತು. ಮೊದಲ ಮಾಲೀಕರು ಸಾಲ ತೀರಿಸಿದ್ದರು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಐದು ಟ್ರಾಫಿಕ್ ದಂಡ ಬಾಕಿ. ಕಾರು 2019ರ ಏಪ್ರಿಲ್‌ಗಿಂತ ಮುಂಚಿನದು, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸಿರಲಿಲ್ಲ. ಅದಿಲ್ಲದೆ ಹೆಸರು ಬದಲಾವಣೆ ಆಗೋದಿಲ್ಲ.

ದಂಡ ಬೇಗ ಮುಗಿಯಿತು. ಆಗ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಸರ್ಕಾರ 50% ರಿಯಾಯಿತಿ ಕೊಟ್ಟಿತ್ತು. ಮಾಲೀಕರು 10ನೇ ತಾರೀಖು ಕಟ್ಟಿ ರಸೀದಿ ಕಳಿಸಿದರು. ಬ್ಯಾಂಕಿನದ್ದು ತಡವಾಯಿತು. ಸಾಲ ತೀರಿದಾಗ ಬ್ಯಾಂಕ್ ಎನ್‌ಒಸಿಯನ್ನೂ (ಆಕ್ಷೇಪ ಇಲ್ಲ ಅನ್ನೋ ಪತ್ರ), ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35ನ್ನೂ ಕೊಡುತ್ತೆ. ಆ ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳಷ್ಟೇ ಆಯಸ್ಸು. ಇವರದು ಎರಡು ವರ್ಷ ಹಳೆಯದು. ಹೊಸದಕ್ಕೆ ಅರ್ಜಿ ಹಾಕಿ ಕೈಗೆ ಬರೋಕೆ 16 ದಿನ ಹಿಡಿಯಿತು. ಆ 16 ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊಟ್ಟಿದ್ದು 25,000 ಮಾತ್ರ, ಆದರೂ ಎಲ್ಲಿ ಹೋಯಿತೋ ಅನ್ನೋ ಸಂಕಟ. ದಿನಕ್ಕೆರಡು ಸಲ ಡೀಲರ್‌ಗೆ ಫೋನು. "ನಾಳೆ ಸಾರ್." ಮರುದಿನವೂ ಅದೇ ಮಾತು. ಕೊನೆಗೆ ಮಾಲೀಕರ ನಂಬರ್ ಕೇಳಿ ಪಡೆದು ನೇರವಾಗಿ ಮಾತಾಡಿದೆ. ಅವರು ಸಜ್ಜನರು. ನನಗೇ ಗೊತ್ತಿರಲಿಲ್ಲ, ಡೀಲರ್ ಹೇಳಲೇ ಇಲ್ಲ ಅಂತ ಬೇಸರಪಟ್ಟುಕೊಂಡು ಮರುದಿನವೇ ಬ್ಯಾಂಕಿಗೆ ಹೋದರು. ಡೀಲರ್ ಮೂಲಕ ಕೊಂಡರೂ ಮಾಲೀಕರ ಜೊತೆ ಒಮ್ಮೆ ಮಾತಾಡದೆ ದುಡ್ಡು ಕೊಡಬೇಡಿ.

ಸೆಪ್ಟೆಂಬರ್ 28, ಭಾನುವಾರ, ಕಾರು ತಗೊಂಡೆವು. ಪೂರ್ತಿ ದುಡ್ಡು ಕೊಡಲಿಲ್ಲ. 40,000 ಉಳಿಸಿಕೊಂಡು, ಆರ್‌ಸಿ ನನ್ನ ಹೆಸರಿಗೆ ಬಂದ ಮೇಲೆ ಕೊಡುವುದಾಗಿ ಬರೆದುಕೊಂಡೆವು. ಇದಕ್ಕೆ ಡೀಲರ್ ಮುಖ ಸಿಂಡರಿಸಿದರು, ಆದರೆ ಒಪ್ಪಿದರು. ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಅದಕ್ಕೆ ಮುಂಚಿನ ದಂಡ, ಅಪಘಾತ ಏನಿದ್ದರೂ ಅವರದು, ಆಮೇಲಿನದು ನಿಮ್ಮದು ಅಂತ ಸ್ಪಷ್ಟವಾಗುತ್ತೆ. ಹೆಸರು ಬದಲಾವಣೆಗೆ ಬೇಕಾದ ಫಾರಂ 29ಕ್ಕೆ ಎರಡು ಪ್ರತಿ, ಫಾರಂ 30, ಮಾಲೀಕರ ಪ್ಯಾನ್, ಆಧಾರ್ ಪ್ರತಿ ಎಲ್ಲದಕ್ಕೂ ಅವರ ಎದುರೇ ಸಹಿ ಹಾಕಿಸಿಕೊಂಡೆ.

ಇನ್ಶೂರೆನ್ಸ್‌ನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ನಿಮ್ಮ ಕಾರಿಗೇ ಪೆಟ್ಟಾದಾಗ ಕ್ಲೇಮ್ ಸಿಗೋದು ಕಷ್ಟ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರೋದಿಲ್ಲ, ಅದು ಅವರ ಜೊತೆಗೇ ಹೋಗುತ್ತೆ. ಇಲ್ಲಿ ಎರಡು ಕಾರಿನ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. 1,000 ಸಿಸಿ ಒಳಗಿನ ಝೆನ್‌ಗೆ ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗಾಗುವ ಹಾನಿಯ) ಕಂತು ಆಗ 2,094 ರೂಪಾಯಿ. 1,500 ಸಿಸಿ ದಾಟಿದ ಆಲ್ಟಿಸ್‌ಗೆ 7,897. ಇದರ ಮೇಲೆ 18% ಜಿಎಸ್‌ಟಿ. ಸ್ವಂತ ಹಾನಿಯ ವಿಮೆಯೂ ಸೇರಿ ನಾನು ಕಟ್ಟಿದ್ದು 26,400.

ಕಾರು ಓಡಿಸಿಕೊಂಡು ಬರುವಾಗ ಬಿಡದಿ ಹತ್ತಿರ ಮಗಳು, "ಅಪ್ಪಾ, ಇದು ಹುಟ್ಟಿದ್ದು ಇಲ್ಲೇ ಅಲ್ವಾ?" ಅಂತ ಕೇಳಿದಳು. ಹೌದು ಪುಟ್ಟಾ ಅಂದೆ. ಟೋಲ್ ದುಡ್ಡು ಹಳೇ ಮಾಲೀಕರ ಫಾಸ್ಟ್ಯಾಗ್‌ನಿಂದ ಹೋಯಿತು. ಅಷ್ಟನ್ನು ಆವತ್ತೇ ಅವರಿಗೆ ಕಳಿಸಿದೆ. ಅವರು ತಮ್ಮ ಟ್ಯಾಗ್ ಮುಚ್ಚುವವರೆಗೆ ಆ ಗಾಡಿಗೆ ಇನ್ನೊಂದು ಟ್ಯಾಗ್ ಸಿಗೋದಿಲ್ಲ. ಇದನ್ನೂ ಡೆಲಿವರಿ ದಿನವೇ ಮಾತಾಡಿಕೊಳ್ಳಿ. ಆಗ ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ಟೋಲ್ ಎರಡು ಪಟ್ಟು ಇತ್ತು. ನವೆಂಬರ್ 15ರಿಂದ ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು.

ಮನೆ ಮುಂದೆ ಬಂದಾಗ ನಾನು ಕನಸಲ್ಲೂ ಯೋಚಿಸದ ಸಮಸ್ಯೆ ಎದುರಾಯಿತು.

ನಮ್ಮ ಪೋರ್ಟಿಕೊ 16 ಅಡಿ. ಆಲ್ಟಿಸ್ 15 ಅಡಿ 2 ಇಂಚು. ನಾನು ಟೇಪ್ ಹಿಡಿದು ಅಳೆದಿದ್ದೆ, ಹಿಡಿಸುತ್ತೆ ಅಂತ ಖಚಿತ ಮಾಡಿಕೊಂಡಿದ್ದೆ. ಕಾರು ಹಿಡಿಸಿತು. ಗೇಟು ಮುಚ್ಚಲಿಲ್ಲ. ಗೇಟಿನ ಎರಡೂ ಬಾಗಿಲು ಒಳಕ್ಕೆ ತೆರೆಯುವಂಥವು. ಝೆನ್ ನಿಂತಾಗ ಹಿಂದೆ ನಾಲ್ಕಡಿಗೂ ಜಾಸ್ತಿ ಜಾಗ ಉಳಿಯುತ್ತಿತ್ತು, ಬಾಗಿಲು ಆರಾಮಾಗಿ ತಿರುಗುತ್ತಿತ್ತು. ಈಗ ಉಳಿದಿದ್ದು ಹತ್ತು ಇಂಚು. ಅಪ್ಪ ಆ ಪೋರ್ಟಿಕೊ ಕಟ್ಟಿಸುವಾಗ ಝೆನ್ ಅಳತೆ ಇಟ್ಟುಕೊಂಡೇ ಕಟ್ಟಿಸಿದ್ದರು. ಗೇಟಿನ ಕಂಬದ ಹತ್ತಿರ ನೆಲದ ಮೇಲೆ, ಬಾಗಿಲು ತಿರುಗಿ ತಿರುಗಿ ಆದ ಕಾಲು ವೃತ್ತದ ಗೀರು ಇದೆ. ಅದರ ಮೇಲೆ ಆಲ್ಟಿಸ್ ಹಿಂದಿನ ಚಕ್ರ ಕೂತಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಗೇಟು ಮುಚ್ಚಲ್ವಲ್ಲೋ ಮಗಾ, ರಾತ್ರಿ ಹೇಗೆ?" ಅಂದರು. ಅವತ್ತಿನಿಂದ ಹನ್ನೊಂದು ರಾತ್ರಿ ಗೇಟಿಗೆ ಸರಪಳಿ ಸುತ್ತಿ ಮಲಗಿದೆವು. ಕೊನೆಗೆ ಪಕ್ಕಕ್ಕೆ ಸರಿಯುವ ಗೇಟು ಮಾಡಿಸಿದೆ, 21,500 ರೂಪಾಯಿ. ಕಾರಿನ ಉದ್ದ ಮಾತ್ರ ಅಳೆಯಬೇಡಿ. ಗೇಟು ತಿರುಗುವ ಜಾಗ, ಡಿಕ್ಕಿ ತೆರೆದು ನಿಲ್ಲುವ ಜಾಗ, ಚಾಲಕನ ಬಾಗಿಲು ತೆರೆಯುವ ಜಾಗ ಮೂರನ್ನೂ ಅಳೆಯಿರಿ.

ಅಕ್ಟೋಬರ್ 1, ಆಯುಧಪೂಜೆ. ಎರಡೂ ಕಾರಿಗೆ ಬೂದುಗುಂಬಳ, ನಿಂಬೆಹಣ್ಣು, ಚೆಂಡುಹೂವಿನ ಹಾರ. ಅಮ್ಮ ಮೊದಲು ಝೆನ್‌ಗೆ ಕುಂಕುಮ ಇಟ್ಟರು.

ಝೆನ್ ಮಾರಬೇಕು ಅಂತಲೇ ಅಲ್ಲಿಯವರೆಗೆ ಇತ್ತು. ಅವತ್ತು ನಂಜನಗೂಡಿನಿಂದ ಅಕ್ಕ ಬಂದಿದ್ದಳು. ಅವಳು ಟೀಚರ್. ಶಾಲೆಗೆ ದಿನಾ 12 ಕಿಲೋಮೀಟರ್ ಹಳ್ಳಿ ರಸ್ತೆಯಲ್ಲಿ ಸ್ಕೂಟರ್ ಓಡಿಸುತ್ತಾಳೆ. "ನಲವತ್ತೈದು ಸಾವಿರಕ್ಕೆ ಯಾರಿಗೋ ಯಾಕೆ ಕೊಡ್ತೀಯ? ನನಗೆ ಕೊಡು. ಖರ್ಚು ನಾನು ಹಾಕ್ತೀನಿ" ಅಂದಳು. ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅವಳ ದಾರಿಗೆ, ಅವಳ ಮನೆ ಜಾಗಕ್ಕೆ ಝೆನ್ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಆರ್‌ಸಿ ಅಪ್ಪನ ಹೆಸರಲ್ಲೇ ಇತ್ತು. ಇದು ನಾವು ಮಾಡಿದ ದೊಡ್ಡ ತಪ್ಪು. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ಮೂರು ವರ್ಷ ಸುಮ್ಮನೆ ಓಡಿಸಿದ್ದೆವು, ಇನ್ಶೂರೆನ್ಸ್ ಕೂಡ ಅಪ್ಪನ ಹೆಸರಲ್ಲೇ ಆನ್‌ಲೈನ್‌ನಲ್ಲಿ ಕಟ್ಟುತ್ತಾ ಬಂದಿದ್ದೆವು. ನಡುವೆ ಏನಾದರೂ ಆಗಿದ್ದರೆ ಯಾರು ಉತ್ತರ ಕೊಡಬೇಕಿತ್ತು ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತೆ.

ಫಾರಂ 31, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಕ್ಕನ ಹೆಸರಿಗೆ ಮಾಡಲು ಅಮ್ಮನದೂ ನನ್ನದೂ ಆಕ್ಷೇಪ ಇಲ್ಲ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್. ನೋಟರಿ ಮುಂದೆ ಅಮ್ಮ ಸಹಿ ಹಾಕುವಾಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಕಾಗದದಲ್ಲಿ ಅಪ್ಪನ ಹೆಸರಿನ ಹಿಂದೆ ‘ದಿವಂಗತ’ ಅಂತ ಇತ್ತು. ನಾನು ಆತುರಪಡಿಸಲಿಲ್ಲ. ಈ ಎಲ್ಲಾ ಅಲೆದಾಟ ತಪ್ಪಿಸೋಕೆ ಒಂದು ಸುಲಭ ದಾರಿ ಇದೆ. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಬಹುದು. ನಿಮ್ಮ ಅಪ್ಪ ಅಮ್ಮನ ಗಾಡಿಗಳಿಗೆ ಇವತ್ತೇ ಸೇರಿಸಿಬಿಡಿ.

ವಂಶವೃಕ್ಷ ಸಿಗುವ ಹೊತ್ತಿಗೆ ಅಕ್ಟೋಬರ್ 14 ದಾಟಿತು. ಝೆನ್ ಓಡಿಸೋದನ್ನು ನಿಲ್ಲಿಸಿದೆವು. ಪೋರ್ಟಿಕೊದಲ್ಲಿ ಈಗ ಆಲ್ಟಿಸ್ ಇತ್ತು, ಝೆನ್ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತಿತು. ಆ ಬಿಡುವಿನಲ್ಲೇ ಮೆಕ್ಯಾನಿಕ್ ಬಂದು ಕೆಲಸ ಮುಗಿಸಿದರು. ಎಸಿಗೆ 16,500, ಸಸ್ಪೆನ್ಷನ್‌ಗೆ 9,800. ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿದರು, 1,900. ಈಗ ಬಂಕ್‌ಗಳಲ್ಲಿ ಸಿಗೋದು 20% ಎಥೆನಾಲ್ ಬೆರೆಸಿದ ಪೆಟ್ರೋಲ್. ಇಪ್ಪತ್ತು ವರ್ಷದ ಹಿಂದಿನ ರಬ್ಬರ್ ಅದಕ್ಕೆ ಅಂತ ಮಾಡಿದ್ದಲ್ಲ. ಬಿಚ್ಚಿದ ಪೈಪು ಬಗ್ಗಿಸಿ ತೋರಿಸಿದರು, ಮೈಯೆಲ್ಲಾ ಸಣ್ಣ ಸಣ್ಣ ಬಿರುಕು. ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರು ಇದನ್ನು ಮುಂದೂಡಬೇಡಿ, ಬೆಂಕಿಯ ವಿಷಯ.

ನವೆಂಬರ್ ಮೊದಲ ವಾರ ಅಕ್ಕನ ಹೆಸರಿಗೆ ಆಯಿತು. ನವೀಕರಣಕ್ಕೆ ಫಾರಂ 25 ಹಾಕಿ, 10,000 ಶುಲ್ಕ, ತಡವಾಗಿದ್ದಕ್ಕೆ ತಿಂಗಳಿಗೆ 500, ಹಸಿರು ತೆರಿಗೆ ಎಲ್ಲಾ ಕಟ್ಟಿದೆವು. ಅವಧಿ ಮುಗಿಯುವ 60 ದಿನ ಮುಂಚೆಯಿಂದಲೇ ಅರ್ಜಿ ಹಾಕಬಹುದು, ನಮ್ಮ ಹಾಗೆ ಕೊನೆಗೆ ಬಿಡಬೇಡಿ.

11ನೇ ತಾರೀಖು ತಪಾಸಣೆ. ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಿಸಿದೆವು. ಮುಂದೆ ಹದಿನಾಲ್ಕು ಗಾಡಿ. ಹನ್ನೆರಡೂವರೆಗೆ ನಮ್ಮ ಸರದಿ. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಬ್ರೇಕ್ ಎಲ್ಲಾ ನೋಡಿದರು. ಎಮಿಷನ್ ಸರ್ಟಿಫಿಕೇಟ್ ನೋಡಿದರು. ಆಮೇಲೆ ಬಾನೆಟ್ ಎತ್ತಿಸಿ, ಗಾಡಿಯ ಮೈಮೇಲೆ ಕೊರೆದಿರುವ ಚಾಸಿ ನಂಬರ್ ಹುಡುಕಿದರು. ಕಾಣಲಿಲ್ಲ. ಇಪ್ಪತ್ತು ವರ್ಷದ ಎಣ್ಣೆ, ದೂಳು, ತುಕ್ಕು ಗಟ್ಟಿಯಾಗಿ ಕೂತಿತ್ತು. "ನಂಬರ್ ಓದೋಕಾಗದೆ ನಾನು ಪಾಸ್ ಮಾಡೋಕಾಗಲ್ಲ ಅಮ್ಮಾ" ಅಂತ ಇನ್‌ಸ್ಪೆಕ್ಟರ್ ಅಕ್ಕನಿಗೆ ಹೇಳಿದರು. ಅವರು ಹೇಳಿದ್ದು ನ್ಯಾಯವೇ. ಊಟದ ಮೇಲೆ ಇನ್ನೊಮ್ಮೆ ನೋಡ್ತೀನಿ ಅಂದರು.

ಪಕ್ಕದ ಅಂಗಡಿಯಿಂದ ಬಾಟಲಿಯಲ್ಲಿ ಸ್ವಲ್ಪ ಥಿನ್ನರ್, ಹತ್ತಿ, ಒಂದು ಹಲ್ಲುಜ್ಜುವ ಬ್ರಷ್ ತಂದೆ. ಉಪ್ಪುಕಾಗದ ಹಾಕಬೇಡಿ ಅಂತ ಮೆಕ್ಯಾನಿಕ್ ಫೋನಿನಲ್ಲಿ ಎಚ್ಚರಿಸಿದರು. ಉಜ್ಜಿ ಅಕ್ಷರ ಸವೆದರೆ ತಿದ್ದಿದ ನಂಬರ್ ಅಂತ ಅನುಮಾನ ಬರುತ್ತಂತೆ. ನಾನೂ ಅಕ್ಕನೂ ಬಿಸಿಲಲ್ಲಿ ಬಗ್ಗಿ ಮುಕ್ಕಾಲು ಗಂಟೆ ಒರೆಸಿದೆವು. ಮೊದಲು ಎಂ ಕಂಡಿತು, ಆಮೇಲೆ ಎ. ಒಂದೊಂದೇ ಅಕ್ಷರ ಮೇಲೆ ಬಂದ ಹಾಗೆ ಅಕ್ಕ ಆರ್‌ಸಿ ಹಿಡಿದುಕೊಂಡು ಜೋರಾಗಿ ಓದುತ್ತಿದ್ದಳು. ಪೂರ್ತಿ ಸಿಕ್ಕ ಮೇಲೆ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದೆವು. ಎರಡೂವರೆಗೆ ಇನ್‌ಸ್ಪೆಕ್ಟರ್ ಬಂದು ಟಾರ್ಚ್ ಹಾಕಿ ನೋಡಿ, ತಲೆಯಾಡಿಸಿ ಸಹಿ ಹಾಕಿದರು. ಅಕ್ಕ ಕಣ್ಣೊರೆಸಿಕೊಂಡಳು. ನೀವು ಮನೆಯಲ್ಲೇ ಈ ಕೆಲಸ ಮಾಡಿಕೊಂಡು ಹೋಗಿ.

ಆಲ್ಟಿಸ್ ಕಡೆ ಇನ್ನೊಂದು ತೊಡಕು. ಎಚ್‌ಎಸ್‌ಆರ್‌ಪಿ ಎರಡು ವಾರದಲ್ಲಿ ಬಂತು. ಆದರೆ ಆನ್‌ಲೈನ್ ಅರ್ಜಿ ಹಾಕಿದಾಗ ಒಟಿಪಿ ಹೋಗಿದ್ದು ಮಾಲೀಕರು ಎಂದೋ ಬಿಟ್ಟಿದ್ದ ಹಳೇ ಮೊಬೈಲ್ ನಂಬರಿಗೆ. ಅವರು ಮೊದಲು ನಂಬರ್ ಬದಲಾಯಿಸಿಕೊಂಡು, ಆಮೇಲೆ ನಮ್ಮ ಅರ್ಜಿ ಮುಂದೆ ಹೋಯಿತು. ಇದಕ್ಕೆ ಇನ್ನೊಂದು ವಾರ. ಡೆಲಿವರಿ ದಿನ ಅವರು ಎದುರಿಗಿದ್ದಾಗಲೇ ಯಾವ ನಂಬರಿಗೆ ಒಟಿಪಿ ಬರುತ್ತೆ ಅಂತ ನೋಡಿಕೊಂಡಿದ್ದರೆ ಸಾಕಿತ್ತು. ಕಾರ್ಡ್ ಬಂದ ದಿನ ಡೀಲರ್‌ಗೆ ಉಳಿದ 40,000 ಕಳಿಸಿದೆ. ರಾಜ್ಯದೊಳಗೇ ಆದ್ದರಿಂದ ಗಾಡಿ ನಂಬರ್ ಹಾಗೇ ಉಳಿದಿದೆ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಬೇಕಾಗುತ್ತೆ. ಕಾರು 9,35,000. ಅದರ ಮೇಲೆ ಇನ್ಶೂರೆನ್ಸ್ 26,400, ನಾಲ್ಕು ಟೈರ್ 29,600, ಸರ್ವೀಸ್ ಮತ್ತು ಬ್ಯಾಟರಿ 17,800, ಗೇಟು 21,500, ನಂಬರ್ ಪ್ಲೇಟು, ಆರ್‌ಟಿಒ ಶುಲ್ಕ, ಏಜೆಂಟ್ ಎಲ್ಲಾ ಸೇರಿ 6,700. ಒಟ್ಟು 10,37,000. ಹೇಳಿದ ಬೆಲೆಗಿಂತ ಒಂದು ಲಕ್ಷ ಜಾಸ್ತಿ ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ಝೆನ್‌ಗೆ ಎಲ್ಲಾ ಸೇರಿ 41,000 ಆಯಿತು. ಅಷ್ಟರಲ್ಲಿ ಅದಕ್ಕೆ 2030ರವರೆಗೆ ಆಯಸ್ಸು.

ಪೆಟ್ರೋಲ್ ವಿಷಯಕ್ಕೆ ಬಂದರೆ, ಊರೊಳಗೆ ಆಲ್ಟಿಸ್ ಲೀಟರಿಗೆ ಹತ್ತು ಕೊಟ್ಟರೆ ಹೆಚ್ಚು, ಎಕ್ಸ್‌ಪ್ರೆಸ್‌ವೇನಲ್ಲಿ 15. ಝೆನ್ ಈಗಲೂ ಊರಲ್ಲಿ 14 ಕೊಡುತ್ತೆ. ಅಪ್ಪನ ಪುಸ್ತಕದಲ್ಲಿ 2006ರ ಒಂದು ಊಟಿ ಪ್ರಯಾಣಕ್ಕೆ 16.8 ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಆಲ್ಟಿಸ್ ಭಾರ ಒಂದೂಕಾಲು ಟನ್ ಹತ್ತಿರ, ಝೆನ್ ಮುಕ್ಕಾಲು ಟನ್. ಆ ಐದುನೂರು ಕೆಜಿಯನ್ನು ಪ್ರತಿ ಸಿಗ್ನಲ್‌ನಲ್ಲಿ ಮತ್ತೆ ಎಳೆಯಬೇಕಲ್ಲ. ನಮ್ಮ ಬಡಾವಣೆಯ ಎರಡು ಹಂಪ್‌ಗಳಲ್ಲಿ ಐದು ಜನ ಕೂತರೆ ಆಲ್ಟಿಸ್ ಹೊಟ್ಟೆ ತಾಗುತ್ತೆ. ಓರೆಯಾಗಿ ದಾಟಿಸೋದು ಕಲಿತಿದ್ದೇನೆ.

ಶನಿವಾರ ಅಕ್ಕ ಬಂದು ಝೆನ್ ತಗೊಂಡು ಹೋದಳು. ಗೂಡಿನಲ್ಲಿದ್ದ ಕೆಂಪು ಪುಸ್ತಕ ತೆಗೆದು ಅಮ್ಮನ ಕೈಗೆ ಕೊಡಹೋದೆ. ಅಮ್ಮ ಅದನ್ನು ವಾಪಸ್ ಗೂಡಿನಲ್ಲಿಟ್ಟು, "ಗಾಡಿ ಜೊತೆಗೇ ಇರಲಿ. ಅವಳೂ ಬರೀತಾಳೆ" ಅಂದರು. ಸಂಜೆ ಅಕ್ಕನ ಫೋನು ಬಂತು. ನಂಜನಗೂಡಿನ ಬಂಕ್‌ನಲ್ಲಿ ಇಪ್ಪತ್ತು ಲೀಟರ್ ಹಾಕಿಸಿದ್ದಳು. ಮೀಟರ್ ರೀಡಿಂಗ್ ಎಲ್ಲಿ ಬರೀಬೇಕು, ಎಡಗಡೆಯಾ ಬಲಗಡೆಯಾ ಅಂತ ಕೇಳಿದಳು.